ಎರಡನೆಯ ಅಂಕಿ

ಚಿಲುಕೇನಪಲ್ಲಿ ಚಾವಡಿಯ ಗೋಡೆಯಲ್ಲಿ
ಮೊಳ ಅಗಲದ ಒಂದು ಕಲ್ಲು.
ಹಿರಿಯರ ಹಬ್ಬಕ್ಕೆ ಎರಡು ದಿನ ಮುಂಚೆ
ಅದರ ಅಕ್ಷರಕ್ಕೆ ಕಪ್ಪು ತುಂಬುವ ಕೆಲಸ ನನ್ನದು.
ಪಂಚಾಯ್ತಿ ಕೊಡುವುದು ನೂರೈವತ್ತು, ಬಣ್ಣ ನನ್ನದೇ.
ಅಪ್ಪನಿಗೆ ಎಂಟಾಣೆ, ಸೇರು ಹುರುಳಿ ಕೊಡುತ್ತಿದ್ದರಂತೆ.
"ಓದಬೇಡ, ತುಂಬು" ಅನ್ನುತ್ತಿದ್ದ ಅಪ್ಪ,
"ಓದುವವನ ಕೈ ನಡುಗುತ್ತೆ."

ಇಪ್ಪತ್ತಾರು ವರ್ಷ ತುಂಬಿದೆ. ಓದಲಿಲ್ಲ.

ಈ ಸಲ ಯಾರೋ ಅಂಟಿಸಿದ್ದ ಚೀಟಿ ಫಂಡಿನ ಪೋಸ್ಟರು ಕೀಳುವಾಗ
ಅದರ ಜೊತೆಗೇ ಕಲ್ಲಿನ ಚಕ್ಕೆ ಎದ್ದು ಬಂತು.
ಆಗ ಓದಿದೆ:
ಈ ಗ್ರಾಮದಿಂದ ಮಹಾಯುದ್ಧಕ್ಕೆ ಹೋದವರು
ಒಂದು, ಆಮೇಲೊಂದು ಬಾಗು, ಆಮೇಲೆ ಬರಿ ಕಲ್ಲು,
ಮಂದಿ. ಪ್ರಾಣ ಬಿಟ್ಟವರು ಇಬ್ಬರು.
ಹತ್ತೋ ಹನ್ನೊಂದೋ ಹತ್ತೊಂಬತ್ತೋ,
ಕೈಗಾದರೂ ನೆನಪಿರಬೇಕಿತ್ತು.
ಕೈ ಸುಮ್ಮನಿತ್ತು.

ಟೀ ಅಂಗಡಿಯಲ್ಲಿ ಕೇಳಿದೆ. ಯಾರೂ ಓದಿದವರಿಲ್ಲ.
ಕಲ್ಲು ಇದೆ ಅನ್ನುವುದು ಎಲ್ಲರಿಗೂ ಗೊತ್ತು.
ಸರಿ, ಮನೆ ಮನೆಗೂ ಹೋಗಿ ಎಣಿಸೋಣ ಅಂತಾಯಿತು.

ನ್ಯಾಮತ್ ಬೀ ಟ್ರಂಕು ತೆಗೆದಳು.
ಮೂರು ಹಿತ್ತಾಳೆ ಗುಂಡಿ, ನಾಲ್ಕನೆಯದು
ಯಾವಳೋ ಸೊಸೆಯ ಕುಪ್ಪಸಕ್ಕೆ ಹೋಯಿತಂತೆ.
"ದಸ್ತಗೀರ್, ಒಬ್ಬ, ಬರಕೋ."
ಗಂಗುಲಮ್ಮನ ಮುತ್ತಜ್ಜ ಬಂದೂಕು ಮುಟ್ಟಿದವನಲ್ಲ,
ಮರಳುಗಾಡಿನಲ್ಲಿ ಕುದುರೆಗೆ ಹುಲ್ಲು ಹಾಕಿದವನು.
"ಹುಲ್ಲು ಹಾಕಿದೋನು ಲೆಕ್ಕಕ್ಕಿದಾನಾ?"
ಕುದುರೆ ಇದ್ದರೆ ಇದ್ದಾನೆ, ಅಂದೆ.

ಕೆಳಗೇರಿಯ ಪಿಳ್ಳಮುನಿಯಪ್ಪ ಎದ್ದು ನಿಲ್ಲಲಿಲ್ಲ,
ಕೂತಲ್ಲೇ ಎರಡು ಬೆರಳು ತೋರಿಸಿದ.
"ಅಣ್ಣತಮ್ಮ. ಜೀನು ಹೊಲಿದರು, ಬೂಟು ಹೊಲಿದರು.
ತಿರುಗಿ ಬಂದೋನು ಒಬ್ಬ.
ಸಮುದ್ರ ದಾಟಿದೋನು ಈ ಚಾವಡಿ ಮೆಟ್ಟಿಲು ಹತ್ತಲಿಲ್ಲ.
ಕಲ್ಲಲ್ಲಿ ಏನಿದೆ ಅಂತ ನಮಗೆ ಹೇಗೆ ಗೊತ್ತು?"
ಯಾರೂ ಮಾತಾಡಲಿಲ್ಲ.
ನಾನು ಎರಡು ಗೀಟು ಹಾಕಿದೆ, ಒತ್ತಿ.

ಚೆಂಗಲರಾಯನ ಮನೆಯದು ಬೇರೆಯೇ ಕತೆ.
ಹಿರಿಯ ಯುದ್ಧಕ್ಕೆ ಅಂತ ಹೇಳಿ ಹೊರಟವನು
ಇಳಿದದ್ದು ಚಾಂಪಿಯನ್ ರೀಫಿನ ಗಣಿಗೆ.
ಮನಿಯಾರ್ಡರು ಬರುತ್ತಿತ್ತು, ಒಂದು ದಿನ ನಿಂತಿತು.
ಹೆಂಡತಿ ಸಾಯುವವರೆಗೂ ಅವನು ಸಿಪಾಯಿಯೇ.
ಅಳಿಸಲೇ? ಅಂದೆ.
ಗೋಡೆಗೊರಗಿದ್ದ ಮುದುಕಿ ತೆಲುಗಲ್ಲಿ ಗೊಣಗಿದಳು:
"ಪೋಯಿನೋಳ್ಳಂತಾ ಮನೋಳ್ಳೇ ಕದಪ್ಪಾ."
ಅಳಿಸಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಹದಿನಾಲ್ಕು.
ಕಾರ್ಯದರ್ಶಿ ಬಂದರು, ಕನ್ನಡಕ ಏರಿಸಿದರು.
"ಹಳೇ ಕಲ್ಲು ರೀ. ಊಹೆ ಮಾಡಿ ಬರೆಯೋ ಹಾಗಿಲ್ಲ.
ತಾಲ್ಲೂಕಿಗೆ ಪತ್ರ ಹಾಕ್ತೀನಿ."
ಹಾಕಿರಬಹುದು.

ಅಮಾವಾಸ್ಯೆಯ ರಾತ್ರಿ, ಯಾರು ಮೊದಲು ತಂದರೋ,
ಕಲ್ಲಿನ ಕೆಳಗೆ ಒಂದು ಎಲೆ ಬಿತ್ತು.
ಮುದ್ದೆ, ಬಸ್ಸಾರು, ಕಜ್ಜಾಯ, ಒಂದು ಕಟ್ಟು ಬೀಡಿ.
ಆಮೇಲೆ ಪಕ್ಕದಲ್ಲಿ ಇನ್ನೊಂದು.
ನ್ಯಾಮತ್ ಬೀಯ ಮೊಮ್ಮಗ ಬಟ್ಟಲಲ್ಲಿ ಸಕ್ಕರೆ ತಂದು
ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ,
ಗಂಗುಲಮ್ಮ ತನ್ನ ಎಲೆ ಅತ್ತ ಸರಿಸಿ ಜಾಗ ಮಾಡಿದಳು.
ಪಿಳ್ಳಮುನಿಯಪ್ಪ ಎರಡು ಎಲೆ ಹಿಡಿದು ಬಂದ,
ಮೆಟ್ಟಿಲ ಹತ್ತಿರ ಒಂದು ಗಳಿಗೆ ನಿಂತ.
ಹತ್ತಿದ.

ಹೆಸರು ಕೂಗಿದರು, ಒಬ್ಬೊಬ್ಬರದೂ,
ಸಂತೆಯಿಂದ ತಡವಾಗಿ ಬಂದವರನ್ನು
ಊಟಕ್ಕೆ ಕರೆಯುವ ಹಾಗೆ.
ಒಂದು ಮನೆಯವರಿಗೆ ಹೆಸರೇ ಮರೆತಿತ್ತು,
"ದೊಡ್ಡಯ್ಯಾ, ಬಾರಯ್ಯಾ" ಅಂದರು, ಅಷ್ಟೇ.

ಬೆಳಗ್ಗೆ ಎಲೆಗಳ ಮೇಲೆ ಕಾಗೆ, ಇರುವೆ.
ಡಬ್ಬಿ ತೆರೆದೆ. ಮೊದಲ ಅಂಕಿ ತುಂಬಿದೆ.
ಎರಡನೆಯದರಲ್ಲಿ ಕಲ್ಲು ಎಷ್ಟು ಉಳಿಸಿತ್ತೋ
ಅಷ್ಟೇ, ಆ ಬಾಗನ್ನು ಮಾತ್ರ.
ಕೈ ನಡುಗಿತು, ಅಪ್ಪ ಹೇಳಿದ್ದು ಸುಳ್ಳಲ್ಲ.

ಪಂಚಾಯ್ತಿಗೆ ಬಿಲ್ಲು ಬರೆದುಕೊಟ್ಟೆ:
ಕಪ್ಪು ಎನಾಮಲ್, ಕುಂಚ ಒಂದು.
ಅಕ್ಷರ ಪೂರ್ತಿ.
ಅಂಕಿ ಒಂದೂವರೆ.