ಭರತಿ

ಬೈತಖೋಲದಾಚೆ ಡಾಂಬರಿನ ಹಡಗು
ಹನ್ನೊಂದು ದಿನದಿಂದ ನಿಂತೇ ಇದೆ.
ಬಸಳೆ, ಬೀಡಿ, ಸಿಹಿನೀರು ಹೊತ್ತು ಹೋಯಿತು ನನ್ನ ಪಾತಿ.

ಏಣಿಯಿಳಿದ ಖಲಾಸಿ ಮೊಬೈಲು ತೋರಿಸಿದ:
ಅವನ ಪುಟ್ಟ ದ್ವೀಪ, ಮುರಿದ ಅರಮನೆ ಗೇಟು,
ಮಂತ್ರಿಯ ಕುರ್ಚಿಯಲ್ಲಿ ಕೂತು
ತಲೆ ಬಾಚಿಕೊಳ್ಳುತ್ತಿರುವ ಅಜ್ಜಿ.

ಗೆದ್ದಿರಾ? ಅಂದೆ.

ಹಿಟ್ಟಿನ ದರ ಯಾವುದೋ ಕಡಲಲ್ಲಿ ಏರಿತು,
ಸಾಲದ ಕಾಗದಕ್ಕೆ ಯಾವುದೋ ಊರಲ್ಲಿ ಸಹಿ ಬಿತ್ತು.
ಗೇಟಿಗೆ ಒದ್ದ ಕಾಲು ಮಾತ್ರ ನನ್ನ ತಂಗಿಯದು.
ಚಪ್ಪಲಿ ಕಳಕೊಂಡಳಂತೆ.

ಅಷ್ಟರಲ್ಲಿ ಭರತಿ.
ನಿಂತ ಹಡಗುಗಳೆಲ್ಲ ಯಾರೋ ಕಿವಿ ಹಿಂಡಿದಂತೆ
ಒಟ್ಟಿಗೇ ಪಡುವಣಕ್ಕೆ ತಿರುಗಿದವು.
ನನ್ನದೂ ತಿರುಗುತ್ತಿತ್ತು;
ಹುಟ್ಟು ಒತ್ತಿ ಹಿಡಿದೆ, ಅಂಗೈ ಉರಿಯುವಷ್ಟು.

ಬಸಳೆಯ ದುಡ್ಡಿಗೆ ಕೈಚಾಚಿದೆ.
ಅವನ ನೋಟಿನ ಮೇಲೆ
ಓಡಿಹೋದವನ ಮುಖ.

ಇದು ನಡೆಯುತ್ತದಾ?
ಅಂತ ಕೇಳಿದವನು ಅವನೇ.