ಪರಖಿ

ಒಪ್ಪಿಗೆ ಪತ್ರ ಹದಿನಾಲ್ಕು ಪುಟ.
ಕನ್ನಡದಲ್ಲೇ ಇದೆ, ಆದರೆ ಕಲಬುರಗಿಯ ಯಾವ ಮನೆಯಲ್ಲೂ
ಆ ಕನ್ನಡದಲ್ಲಿ ಯಾರೂ ನೀರು ಕೇಳುವುದಿಲ್ಲ.
'ಯಾದೃಚ್ಛಿಕ ಹಂಚಿಕೆ' ಎಂದು ಓದಿ ನಾನು ನಿಂತೆ.
ಮಲ್ಕಪ್ಪ ಟವೆಲ್ಲಿನಿಂದ ದವಡೆ ಒತ್ತಿಕೊಂಡು
'ಮುಂದ ಹೇಳ್ರೀ ಅಕ್ಕೋರ' ಎಂದ.

ಮುಂದೆ ಹೇಳಲು ಕಾಗದ ಮಗುಚಿಟ್ಟೆ.
ನೋಡ್ರಿ, ಹಳೇ ಔಷಧ ಎಲ್ಲಾರಿಗೂ ಅದ.
ಸಲೈನಿನ್ಯಾಗ ಬರೋದು, ಕೂದಲಾ ಉದುರಸೋದು,
ಅದು ಯಾರಿಗೂ ತಪ್ಪಂಗಿಲ್ಲ.
ಅದರ ಮ್ಯಾಲ ದಿನಕ್ಕೊಂದು ಗುಳಿಗಿ.
ಅರ್ಧ ಮಂದಿಗಿ ಹೊಸಾ ಮದ್ದಿನದು,
ಅರ್ಧ ಮಂದಿಗಿ ಬಣ್ಣ ಅದೇ, ಒಳಗ ಏನೂ ಇಲ್ಲ.
ನಿಮಗ ಯಾವುದು, ಕಂಪ್ಯೂಟರ್ ಆರಿಸ್ತದ.
ಡಾಕ್ಟರಿಗಿ ಗೊತ್ತಿರಂಗಿಲ್ಲ. ನನಗೂ.
ಮೊದಲು ಇಲಿಗಿ ಕೊಟ್ಟಾರ, ಆಮ್ಯಾಲ ನಾಕು ಮಂದಿಗಿ,
ಎಷ್ಟು ಕೊಟ್ರ ತಡಕೋತಾರ ಅಂತ.
ಈಗ ಇನ್ನೂರಾ ನಲವತ್ತು ಮಂದಿ. ನಮ್ಮ ದವಾಖಾನಿಂದ ಹದಿನೆಂಟು.
ಬಾಯಿ ಹುಣ್ಣಾಗಬಹುದು.
'ಹುಣ್ಣು ಅದನಲ್ಲ' ಎಂದ.

ಕಾರಿಡಾರಿನಲ್ಲಿ ಯಾರದೋ ಊಟದ ಡಬ್ಬಿ ಬಿದ್ದು
ಮುಚ್ಚಳ ಉರುಳುತ್ತಾ ಹೋಯಿತು, ಎಕ್ಸ್‌ರೇ ಬಾಗಿಲ ತನಕ.

ಇಪ್ಪತ್ತೊಂಬತ್ತು ವರ್ಷ ಗಂಜಿನಲ್ಲಿ ಅವನ ಕೆಲಸ ಒಂದೇ:
ತೊಗರಿ ಚೀಲದ ಪಕ್ಕೆಗೆ ಪರಖಿ ಚುಚ್ಚುವುದು.
ಪೊಳ್ಳು ಕಬ್ಬಿಣದ ಆ ನಾಲಿಗೆ ಒಳಗೆ ಹೋಗಿ
ಒಂದು ಹಿಡಿ ಕಾಳು ತರುತ್ತದೆ.
ಅಂಗೈಯಲ್ಲಿ ಹರಡಿ, ಹಸಿ ಎಷ್ಟು, ಹುಳ ಎಷ್ಟು, ಕಲ್ಲೆಷ್ಟು;
ಆ ಹಿಡಿಯ ಮೇಲೆ ನೂರು ಚೀಲದ ಧಾರಣೆ.
(ಯುಗಾದಿಯ ಹೊತ್ತಿಗೆ ಇಲ್ಲೇ, ಅವನ ದವಡೆಯಿಂದಲೂ
ಸಣ್ಣ ತುಣುಕು ಚುಚ್ಚಿ ತೆಗೆದಿದ್ದರು.
ಆಗ ಅವನೇ ನಕ್ಕಿದ್ದನಂತೆ.)

'ಹಂಗಂದ್ರ ನಿಮ್ಮ ಮಷೀನು ಚೀಲದ ಮಾಲಕನ ಮಾರಿ ನೋಡಂಗಿಲ್ಲ.'
ಇಲ್ಲ.
'ಚಲೋ. ಮಾರಿ ನೋಡಿ ಚುಚ್ಚಿದ್ರ ಅದು ಮೋಸ.
ಬೇಕಾದವರದು ಮ್ಯಾಲಿಂದ ಚುಚ್ಚತಾರ, ಬ್ಯಾಡಾದವರದು ತಳದಿಂದ.
ನನಗ ಎಲ್ಲಾ ಗೊತ್ತದ.'
ಆರನೆಯ ಪುಟ ಅಲ್ಲಿಗೆ ಮುಗಿಯಿತು.

ಆಮೇಲೆ ಕೇಳಿದ: 'ಇದರಿಂದ ನನಗ ಆರಾಮ ಆಗ್ತದೇನು?'
ಗೊತ್ತಿಲ್ಲ, ಎಂದೆ. ಗೊತ್ತಿದ್ದರೆ ನಿಮ್ಮನ್ನು ಕೇಳುತ್ತಿರಲಿಲ್ಲ,
ಬರೆದು ಕೊಟ್ಟುಬಿಡುತ್ತಿದ್ದರು.
ಈ ಮಾತು ಹೇಳುವುದಕ್ಕೇ ನನಗೆ ಸಂಬಳ,
ಆದರೂ ದಿನಾ ಗಂಟಲು ಒಣಗುತ್ತದೆ.

'ಆ ಹಿಡಿ ಕಾಳು' ಎಂದ, ತನ್ನ ಅಂಗೈ ನೋಡುತ್ತಾ,
'ತಿರುಗಿ ಚೀಲಕ್ಕ ಹೋಗಂಗಿಲ್ಲ ನೋಡ್ರಿ.
ನೆಲಕ್ಕ ಬೀಳ್ತದ. ಕಸ ಹೊಡಿಯಾಕಿ ಒಯ್ತಾಳ.
ಧಾರಣಿ ಮಾತ್ರ ಹಿಂದ ಬರೋ ಚೀಲಕ್ಕ.'

ನಾನು ಹನ್ನೊಂದನೆಯ ಪುಟ ತೆಗೆದು ಬೆರಳಿಟ್ಟೆ:
ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು.
ಕಾರಣ ಹೇಳಬೇಕಿಲ್ಲ. ಇಲ್ಲಿನ ಚಿಕಿತ್ಸೆ ನಿಲ್ಲುವುದಿಲ್ಲ.
ಎರಡು ಸಲ ಓದಿಸಿದ. ಮೂರನೆಯ ಸಲ ಓದುವ ಮೊದಲೇ,
ಬಾಯಿ ಪೂರಾ ತೆರೆಯಲಾಗದೆ, ಹಲ್ಲಿನ ಸಂದಿಯಿಂದ:
'ಕಾಳಿಗಿ ಈ ಮಾತು ಯಾರೂ ಹೇಳಿದ್ದಿಲ್ಲ.'

ಹೆಬ್ಬೆಟ್ಟು ಒತ್ತಲಿಲ್ಲ. ಕಾಗದ ಮಡಿಚಿ ಅಂಗಿಯೊಳಗಿಟ್ಟು
ಜೇವರ್ಗಿ ಬಸ್ಸು ಹಿಡಿದ.

ಗುರುವಾರ ಬಂದ. ಕಾಗದದ ಅಂಚಿಗೆ ಒಗ್ಗರಣೆ ಕಲೆ,
ಜೊತೆಗೊಂದು ನೋಟ್‌ಬುಕ್ಕಿನ ಹಾಳೆ, ಪೆನ್ಸಿಲಿನಲ್ಲಿ ಮೊಮ್ಮಗಳ ಅಕ್ಷರ:
ಒಂದು, ಬಸ್ ಚಾರ್ಜು ಯಾರು ಕೊಡೋರು?
ಎರಡು, ರಾತ್ರಿ ವಾಂತಿ ಆದ್ರ ಯಾರಿಗಿ ಫೋನು?
ಮೂರು, ಮುತ್ಯಾಗ ಖಾಲಿ ಗುಳಿಗಿ ಬಂದ್ರ ಸಿಟ್ಟಿಗೇಳಬೇಕೋ ಬ್ಯಾಡೋ?

ಮೊದಲೆರಡಕ್ಕೆ ಉತ್ತರ ಪುಟದಲ್ಲೇ ಇತ್ತು.
ಸಾಕ್ಷಿಗೆ ಪಕ್ಕದ ಮಂಚದವನ ಅಕ್ಕ ಅಖ್ತರಬೀ ಬಂದಳು,
ಕನ್ನಡಕ ಹಾಕಿ, ಹದಿನಾಲ್ಕೂ ಪುಟ ಓದಿದ ಮೇಲೇ ಸಹಿ ಮಾಡಿದಳು.
ನೀಲಿ ಪ್ಯಾಡು. ಎಡಗೈ ಹೆಬ್ಬೆರಳು.
ಗೋಣಿಗೆ, ಕಾಳಿಗೆ ಸವೆದ ಬೆರಳು, ಗೆರೆ ಮೂಡಲಿಲ್ಲ.
ಮತ್ತೊಮ್ಮೆ ಒತ್ತಿಸಿದೆ.

ಅವನ ಡಬ್ಬಿಯ ಮೇಲೆ ಹೆಸರಿಲ್ಲ, ೦೧೭ ಎಂದಿದೆ.
ಆ ಹಾಳೆ ನನ್ನ ಟೇಬಲ್ಲಿನ ಗಾಜಿನ ಕೆಳಗಿದೆ,
ಮೂರನೆಯ ಪ್ರಶ್ನೆ ಮೇಲೆ ಕಾಣುವ ಹಾಗೆ.