ಷರಾ

ವಿಷಯ ಸಂಖ್ಯೆ ಹದಿನೇಳು. ಅದಕ್ಕೂ ಮುಂಚೆ
ಬೀದಿದೀಪ, ಚರಂಡಿ ಹೂಳು, ಸಂತೆಕಟ್ಟೆಯ ಹರಾಜು.
ಸಿಂಧನೂರು ನಗರಸಭೆಯಲ್ಲಿ ಗುಮಾಸ್ತ ನಾನು,
ಕಡತದ ದಾರ ಬಿಚ್ಚಿ ಕಟ್ಟುವುದರಲ್ಲೇ
ಇಪ್ಪತ್ತೆರಡು ವರ್ಷ ಸವೆದ ಬೆರಳು.

'ಆಸರೆ ಮನೆಯ ನಿವಾಸಿಗಳ ಆರೈಕೆಗೆ
ತಲಾ ದಿನಕ್ಕೆ ಪಾವತಿಸಬೇಕಾದ ದರ.'
ಏಳು ವರ್ಷದ ಹಿಂದೆ ಯಾರೋ ತೊಂಬತ್ತೆರಡು ಎಂದರು,
ತೊಂಬತ್ತೆರಡೇ ನಿಂತಿತು ಗೋಡೆಗೆ ಬಡಿದ ಮೊಳೆಯಂತೆ.
ಮೊಳೆಗೆ ತೂಗಿದ್ದು ಮಾತ್ರ ವರ್ಷವರ್ಷಕ್ಕೂ ಭಾರ.

"ಖುದ್ದು ನೋಡಿ ಲೆಕ್ಕ ತನ್ನಿ" ಅಂದರು ಪೌರಾಯುಕ್ತರು.
ಹೋದೆ. ರೈಸ್ ಮಿಲ್ ಸಾಲಿನ ಹಿಂದೆ, ತೌಡಿನ ಧೂಳು
ಕಿಟಕಿ ಜಾಳಿಗೆಗೆ ಮೆತ್ತಿದ ಮನೆ. ಹದಿನಾಲ್ಕು ಮಂಚ.
ನಡೆಸುವಾಕೆ ಲಾಲಬಿ; ಮೊಣಕಾಲಿಗೆ ಪಟ್ಟಿ, ಸೊಂಟದಲ್ಲಿ ಕೀಲಿಕೈ.
ಮೂರನೆಯ ಮಂಚದಲ್ಲಿ ತಾಯಪ್ಪ, ಮೂವತ್ತಾರರವ,
ಲಾರಿ ಮೇಲಿಂದ ಭತ್ತದ ಚೀಲದ ಜೊತೆ ತಾನೂ ಬಿದ್ದವ.
ಈಗ ಕೊರಳಿನ ಮೇಲಷ್ಟೇ ಅವನದು, ಅದೂ ಪೂರಾ ಅಲ್ಲ.

ಗಡಿಯಾರ ಕೈಯಲ್ಲಿ ಹಿಡಿದು ಕೂತೆ.
ಒಂದು ಚಮಚ ನುಚ್ಚು. ಕಾಯಬೇಕು,
ಗಂಟಲ ಗಂಟು ಮೇಲೇರಿ ಇಳಿಯುವ ತನಕ.
ಒರೆಸಬೇಕು. ಮತ್ತೊಂದು. ಅವಸರ ಮಾಡಿದರೆ
ಅನ್ನ ಹಾದಿ ತಪ್ಪಿ ಉಸಿರಿಗೆ ಅಡ್ಡ ಬರುತ್ತದಂತೆ.
ನಡುವೆ ಕರೆಂಟು ಹೋಯಿತು.
ಎಡಗೈಯಲ್ಲಿ ರಟ್ಟು ಬೀಸುತ್ತ, ಬಲಗೈಯಲ್ಲಿ ಉಣಿಸುತ್ತ ಆಕೆ.
ಯಾಕೋ ನನ್ನ ಕಡೆ ನೋಡಿ ತಾಯಪ್ಪ ನಕ್ಕ,
ಬಹುಶಃ ನನ್ನ ಗಡಿಯಾರಕ್ಕೆ.
ಅವಳೂ ನಕ್ಕಳು, ಚಮಚ ಬಟ್ಟಲಲ್ಲೇ ಬಿಟ್ಟು.

ನಲವತ್ತಮೂರು ನಿಮಿಷ ಎಂದು ಬರೆದೆ.
"ನಲವತ್ತೊಂದು ಬರೀರಿ, ಸಾಹೇಬ್ರ" ಅಂದಳು.
"ನಕ್ಕಿದ್ದು ಎರಡು ನಿಮಿಷ ಕಳೀರಿ.
ಅದೇನ್ ಕೆಲಸ ಅಲ್ರಿ."

ಇನ್ನೂರ ಹದಿನಾಲ್ಕು ರೂಪಾಯಿ ಅರವತ್ತು ಪೈಸೆ
ಸಭೆಗೆ ಒಯ್ದೆ. ಮೊದಲು ಪೈಸೆ ಹೋಯಿತು,
ಯಾರೂ ತಕರಾರು ಮಾಡಲಿಲ್ಲ, ನಾನೂ.
ಆಮೇಲೆ ಹದಿನಾಲ್ಕು, ಲೆಕ್ಕಕ್ಕೆ ಸಲೀಸಾಗಲೆಂದು.
ಹಿಂದಿನ ಸಾಲಿನಿಂದೊಬ್ಬರು ಕೇಳಿದರು:
"ರಾತ್ರಿ ಪಾಳಿ ಯಾಕ್ರಿ? ರಾತ್ರಿ ಮಲಗ್ತಾರಲ್ಲ ಅವ್ರು?"
ಮಲಗಿದವರನ್ನು ಮೂರು ಸಲ ಮಗ್ಗುಲು ಹೊರಳಿಸದಿದ್ದರೆ
ಬೆನ್ನು ಹುಣ್ಣಾಗುವುದು ಪುಟ ಆರರಲ್ಲಿತ್ತು.
ಪುಟ ಆರು ಯಾರ ಕೈಯಲ್ಲೂ ತೆರೆಯಲಿಲ್ಲ.
ಒಂಬತ್ತನೇ ವಾರ್ಡಿನ ಅಮರಮ್ಮ ಒಬ್ಬರೇ ಎದ್ದರು:
"ನಮ್ಮತ್ತೀನ ಎರಡು ವರ್ಷ ನೋಡೀನಿ ನಾನು.
ಊಟಕ್ಕ ರೇಟ್ ಹಚ್ಚೀರಿ, ಉಣಿಸಾದಕ್ಕ ಎಲ್ಲೈತ್ರಿ?"
ಸಭೆ ಸುಮ್ಮನಾಯಿತು, ಒಬ್ಬರು ಕೆಮ್ಮುವಷ್ಟು ಹೊತ್ತು.
ನೂರ ಮೂವತ್ತೆಂಟು. ಏಪ್ರಿಲ್ ಒಂದರಿಂದ. ಹಿಂಬಾಕಿ ಇಲ್ಲ.
ವಿಷಯ ಹದಿನೆಂಟು: ಶೌಚಾಲಯದ ಗುತ್ತಿಗೆ.

ಠರಾವಿನ ನಕಲು ನಾನೇ ತೆಗೆದೆ.
ಔಷಧದ ಸಾಲಿಗೆ ಕೆಂಪು ಗೀಟು, ಸೋಪಿಗೂ ಗೀಟು,
ರಾತ್ರಿ ಪಾಳಿ ಇದ್ದ ಜಾಗ ಬಯಲು.
ಕೊನೆಯ ಕಾಲಂ ಷರಾ. ಅಲ್ಲಿ ಹಣ ಇರುವುದಿಲ್ಲ,
ಹಾಗಾಗಿ ಕಣ್ಣೂ ಬೀಳುವುದಿಲ್ಲ. ಅಲ್ಲಿ ಬರೆದಿದ್ದೆ:
'ನಗು, ಎರಡು ನಿಮಿಷ. ಆರೈಕೆದಾರರ ಕೋರಿಕೆಯಂತೆ ಕಳೆಯಲಾಗಿದೆ.'
ಹಾಗೇ ಉಳಿದಿದೆ. ಅದರ ಮೇಲೇ ಬಿದ್ದಿದೆ
ನಗರಸಭೆಯ ದುಂಡು ಮೊಹರು, ತುಸು ಓರೆಯಾಗಿ.

ಓದಿ ಹೇಳಿದೆ. ಅಂಕಿ ಬಂದಾಗ ಮಾತ್ರ ಕಿವಿಗೊಟ್ಟಳು,
ಬೆರಳ ಗೆಣ್ಣಿನ ಮೇಲೆ ಹದಿನಾಲ್ಕು ಸಲ ನಡೆದು ಬಂದು
"ಸಾವಿರದ ಒಂಬೈನೂರ ಮೂವತ್ತೆರಡು.
ಇನ್ನೊಬ್ಬಾಕೀನ ಇಟ್ಕೊಳ್ಳಾಕ ಆಗಂಗಿಲ್ಲ ಬಿಡ್ರಿ" ಅಂದಳು.
ಷರಾ ಓದಲೋ ಬೇಡವೋ ಎಂದು ನಿಂತೇ ಇದ್ದೆ.
ಬಟ್ಟಲು ಹಿಡಿದು ಬಂದಳು:
"ಸ್ವಲ್ಪ ಸರೀರಿ, ಸಾಹೇಬ್ರ. ಬೆಳಕಿಗೆ ಅಡ್ಡ ನಿಂತೀರಿ."